ಹತ್ತು ದಿನದ ಬಟ್ಟೆ

ಮೊನ್ನೆ ಸಂಜೆ ಕುವೆಂಪುನಗರದಲ್ಲಿ ಸ್ಕೂಟರ್ ನಿಲ್ಲಿಸಿ ತರಕಾರಿ ಕೊಳ್ಳುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಪಕ್ಕದ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಚುಂಯ್ ಎಂದು ಹೊಗೆ ಎದ್ದು ನೇರವಾಗಿ ನನ್ನ ಮೂಗಿಗೆ ಬಂತು. ಗಾಡಿಯ ಸುತ್ತ ನಿಂತಿದ್ದ ಕಾಲೇಜು ಹುಡುಗಿಯರಿಗೆ ಅದು ಹಸಿವು ಕೆರಳಿಸುವ ವಾಸನೆ. ನಾನು ಬೀನ್ಸ್ ಆರಿಸುವುದನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ತರಕಾರಿಯ ಹೆಂಗಸು, "ಯಾಕ್ ಮೇಡಂ, ಚೆನ್ನಾಗಿಲ್ವಾ?" ಎಂದಳು. ಚೆನ್ನಾಗಿದೆ ಎಂದು ಹೇಳಿ, ಆರಿಸಿದ್ದಷ್ಟನ್ನೇ ಚೀಲಕ್ಕೆ ಹಾಕಿಸಿಕೊಂಡು ಬಂದೆ.

ವಿನೆಗರ್‌ನಲ್ಲಿರುವುದು ಅಸಿಟಿಕ್ ಆಮ್ಲ. ಏಳೆಂಟು ವರ್ಷಗಳ ಹಿಂದೆ, ನಾನು ಪಿಎಚ್.ಡಿ. ಮಾಡುತ್ತಿದ್ದಾಗ, ಒಂದು ಇಡೀ ಮಳೆಗಾಲ ನನ್ನ ಕೂದಲು, ದುಪಟ್ಟಾ, ಊಟದ ಡಬ್ಬಿ ಎಲ್ಲಕ್ಕೂ ಅದೇ ವಾಸನೆ ಹಿಡಿದಿತ್ತು. ಮನೆಗೆ ಹೋದರೆ ಅಮ್ಮ, "ಮೊದ್ಲು ಸ್ನಾನ ಮಾಡ್ಬಾರೇ, ಕೆಟ್ಟ ಉಪ್ಪಿನಕಾಯಿ ಜಾಡಿ ಥರ ನಾರ್ತಾ ಇದೀಯ" ಎನ್ನುತ್ತಿದ್ದಳು. ಈಗ ನಾನು ಔಷಧ ವಿಜ್ಞಾನ ಹೇಳಿಕೊಡುವ ಅಧ್ಯಾಪಕಿಯಾಗಿದ್ದೇನೆ. ಆ ಮಳೆಗಾಲದ ಬಗ್ಗೆ ವಿದ್ಯಾರ್ಥಿಗಳಿಗೆ ಹೇಳಿಲ್ಲ. ಯಾರಿಗೂ ಪೂರ್ತಿ ಹೇಳಿಲ್ಲ.

ನಮ್ಮ ಪ್ರಯೋಗಾಲಯ ಹಳೆಯ ಕಟ್ಟಡವೊಂದರ ಹಿಂಭಾಗದಲ್ಲಿತ್ತು. ಎತ್ತರದ ಚಾವಣಿ, ಮಳೆ ಬಂದರೆ ಉಬ್ಬಿಕೊಂಡು ಮುಚ್ಚದ ಮರದ ಕಿಟಕಿಗಳು. ಮಧ್ಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನನ್ನ ಯಂತ್ರ. ಅದರ ಕೆಲಸ ಹೇಳುವುದಕ್ಕೆ ಸುಲಭ. ಪಾಲಿಮರನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಔಷಧ ಬೆರೆಸಿ, ಆ ದ್ರಾವಣವನ್ನು ಒಂದು ಸಿರಿಂಜಿಗೆ ತುಂಬುತ್ತೇವೆ. ಸಿರಿಂಜನ್ನು ಬಹಳ ನಿಧಾನವಾಗಿ ಒತ್ತುವ ಪಂಪು ಇದೆ. ಸೂಜಿಯ ತುದಿಯಲ್ಲಿ ಹನಿಯೊಂದು ಹೊರಬಂದು ನಿಲ್ಲುತ್ತದೆ. ಸೂಜಿಗೆ ಸಾವಿರಾರು ವೋಲ್ಟ್ ವಿದ್ಯುತ್ ಕೊಟ್ಟಾಗ ಆ ಹನಿ ಕೆಳಗೆ ಬೀಳುವುದರ ಬದಲು ಚೂಪಾಗಿ, ಎಳೆಯಾಗಿ, ಎದುರಿನ ಉರುಳೆಯತ್ತ ಚಿಮ್ಮುತ್ತದೆ. ದಾರಿಯಲ್ಲೇ ಆಮ್ಲ ಆರಿಹೋಗಿ, ತಲೆಕೂದಲಿಗಿಂತ ನೂರಾರು ಪಟ್ಟು ಸಣ್ಣದಾದ ನೂಲು ಉರುಳೆಯ ಮೇಲಿನ ಅಲ್ಯೂಮಿನಿಯಂ ಹಾಳೆಗೆ ಸುತ್ತಿಕೊಳ್ಳುತ್ತದೆ. ಐದಾರು ಗಂಟೆ ಕಳೆದರೆ ಕೋಳಿಮೊಟ್ಟೆಯ ಒಳಪೊರೆಯಂಥ ಬಿಳಿಯ ಬಟ್ಟೆ ಸಿಗುತ್ತದೆ. ನೇಯ್ದದ್ದಲ್ಲ, ಆದರೂ ಬಟ್ಟೆ.

ಆ ಬಟ್ಟೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ. ನೂಲಿನ ಒಳಗೆ ಸೋಂಕು ತಡೆಯುವ ಔಷಧ ಕೂತಿರುತ್ತದೆ. ಒಂದು ಸಲ ಹುಣ್ಣಿನ ಮೇಲೆ ಹಾಕಿದರೆ ನೂಲು ನಿಧಾನವಾಗಿ ಸಡಿಲವಾಗುತ್ತಾ ಔಷಧವನ್ನು ದಿನಕ್ಕಿಷ್ಟೆಂದು ಬಿಡಬೇಕು. ದಿನವೂ ಬಿಚ್ಚಿ, ಎಳೆಚರ್ಮ ಕಿತ್ತು, ಮತ್ತೆ ಕಟ್ಟುವ ಹಿಂಸೆ ಇರಬಾರದು. ಇದು ನಮ್ಮ ಆಸೆ.

ಆಸೆಗೆ ಅಡ್ಡ ಬಂದದ್ದು ಮಳೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಎಳೆ ಸರಿಯಾಗಿ ಆರುವುದಿಲ್ಲ. ನೂಲಿನ ಮೇಲೆ ಮಣಿ ಪೋಣಿಸಿದ ಹಾಗೆ ಗಂಟುಗಳಾಗುತ್ತವೆ, ಔಷಧ ಒಳಗೆ ಕೂರದೆ ಮೈಮೇಲೆ ಬಂದು ನಿಲ್ಲುತ್ತದೆ. ಆ ವರ್ಷ ಜೂನ್ ಮೊದಲ ವಾರ ಹಿಡಿದ ಮಳೆ ಬಿಡಲೇ ಇಲ್ಲ. ಮೈಸೂರಿನಲ್ಲಿ ಸಾಮಾನ್ಯವಾಗಿ ಸಂಜೆ ಬಂದು ಹೊಡೆದು ಹೋಗುವ ಮಳೆ, ಆ ಸಲ ಜಿಟಿಜಿಟಿ ಎಂದು ದಿನವಿಡೀ ಕೂತಿತು. ಗೋಡೆಯ ತೇವಮಾಪಕದ ಮುಳ್ಳು ಬಲಗಡೆ ಅಂಟಿಕೊಂಡಿತ್ತು.

ಆ ಮುಳ್ಳು ನೋಡುವ ಮೊದಲೇ ನನಗೆ ಹವಾಮಾನ ತಿಳಿಸುತ್ತಿದ್ದವರು ಪುಟ್ಟಸ್ವಾಮಿ, ನಮ್ಮ ಪ್ರಯೋಗಾಲಯದ ಅಟೆಂಡರ್. ಐವತ್ತು ದಾಟಿದ್ದ ಸಣಕಲು ಮನುಷ್ಯ. ಹಿನಕಲ್‌ನವರು. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಎಂದೋ ಬಡಾವಣೆಯಾಗಿ, ಅದರ ಮೇಲೆ ಯಾರಯಾರದೋ ಮನೆಗಳು ನಿಂತಿದ್ದವು. ಇಪ್ಪತ್ತು ವರ್ಷ ಒಂದೇ ಕಟ್ಟಡದಲ್ಲಿ ದುಡಿದಿದ್ದರೂ ಅವರು ಕಾಯಂ ನೌಕರರಲ್ಲ. ಏಜೆನ್ಸಿಯೊಂದರ ಮೂಲಕ ವರ್ಷವರ್ಷವೂ ಹೊಸದಾಗಿ ಸೇರುವವರು. ನಾನು ಅವರನ್ನು ಪುಟ್ಟಸ್ವಾಮಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಜನರೆದುರು ಮೇಡಂ ಎಂದೂ, ಇಬ್ಬರೇ ಇದ್ದಾಗ ಕಣಮ್ಮ ಎಂದೂ ಮಾತಾಡಿಸುತ್ತಿದ್ದರು.

"ಇವತ್ತು ಮಿಷನ್ ಆಕ್ಬ್ಯಾಡಿ ಕಣಮ್ಮ. ಕ್ಯಾಂಟೀನಲ್ಲಿ ಉಪ್ಪು ನೀರಾಗ್ಬುಟ್ಟದೆ" ಎಂದು ಬಾಗಿಲಲ್ಲೇ ಹೇಳುವರು.

"ಹಾಕ್ದೆ ಇದ್ರೆ ನನ್ನ ಥೀಸಿಸ್ ಯಾರು ಬರೀತಾರೆ ಪುಟ್ಟಸ್ವಾಮಣ್ಣ?"

"ಅದೂ ಸರಿಯೇ" ಎಂದು ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಪೊಟ್ಟಣಗಳನ್ನು ಜೋಡಿಸುವರು, ಹಿಂದಿನ ದಿನದವನ್ನು ಒಲೆಯಂಥ ಪೆಟ್ಟಿಗೆಯಲ್ಲಿ ಒಣಗಲು ಇಡುವರು, ಕಿಟಕಿಯ ಸಂದಿಗೆ ಹಳೆಯ ಪತ್ರಿಕೆ ತುರುಕುವರು. ಎಳೆ ಹೊರಟ ಮೇಲೆ ಟಾರ್ಚ್ ಬಿಟ್ಟು, ಹಿಂದೆ ಕಪ್ಪು ಕಾಗದ ಹಿಡಿದು ಬಗ್ಗಿ ನೋಡುವುದು ಅವರಿಗೆ ಇಷ್ಟ. ತಾಯಿಯ ತವರಿನಲ್ಲಿ ರೇಷ್ಮೆ ಸಾಕುತ್ತಿದ್ದರಂತೆ. "ಹುಳ ಉಗುಳ್ದಂಗೇ ಉಗುಳ್ತದೆ. ಆ ಹುಳಕ್ಕೂ ಹಿಂಗೇ ಕಣಮ್ಮ, ಸೀತ ಆದ್ರೆ ಆಗಕ್ಕಿಲ್ಲ. ಗೂಡು ಕಟ್ದಲೇ ಸತ್ತೋಗದು" ಎಂದು ಒಮ್ಮೆ ಹೇಳಿದ್ದರು.

ಅದೇ ವರ್ಷದ ಫೆಬ್ರವರಿಯಲ್ಲಿ, ಒಣ ಹವೆಯಲ್ಲಿ, ಒಂದು ಬಟ್ಟೆ ನಾನು ಕನಸಿನಲ್ಲಿ ಕಂಡ ಹಾಗೇ ಬಂದಿತ್ತು. ಅದರಿಂದ ರೂಪಾಯಿ ಅಗಲದ ಬಿಲ್ಲೆಗಳನ್ನು ಕತ್ತರಿಸಿ, ಮೈಬಿಸಿಯಷ್ಟು ಕಾದ ಉಪ್ಪುನೀರಿನಲ್ಲಿ ಬಿಟ್ಟು, ದಿನದಿನವೂ ಆ ನೀರಿನಲ್ಲಿ ಎಷ್ಟು ಔಷಧ ಇಳಿದಿದೆ ಎಂದು ಅಳೆದಿದ್ದೆ. ಹತ್ತು ದಿನ ಅದು ಸಮನಾಗಿ ಇಳಿಯಿತು. ಗ್ರಾಫಿನ ಗೆರೆ ಚಾಮುಂಡಿಬೆಟ್ಟದ ರಸ್ತೆಯ ಹಾಗೆ ಸಾವಕಾಶವಾಗಿ ಏರಿತ್ತು. ಆಮೇಲೆ ಮಾಡಿದ ಯಾವ ಬಟ್ಟೆಯೂ ಹಾಗೆ ಬರಲಿಲ್ಲ. ಮಾರ್ಚಿನದು ಅರ್ಧಂಬರ್ಧ ಬಂತು. ಮಳೆ ಶುರುವಾದ ಮೇಲಿನವು ಮೊದಲ ದಿನವೇ ಹೆಚ್ಚುಕಡಿಮೆ ಎಲ್ಲ ಔಷಧವನ್ನೂ ಕಕ್ಕಿ ಖಾಲಿಯಾಗುತ್ತಿದ್ದವು. ಎರಡನೇ ದಿನದಿಂದ ಅದು ಬರೀ ಬಟ್ಟೆ. ಗೆರೆ ಗೋಡೆಯ ಹಾಗೆ ನೆಟ್ಟಗೆ ಎದ್ದು, ಅಲ್ಲಿಂದ ಅಡ್ಡಡ್ಡ ಮಲಗಿಬಿಡುತ್ತಿತ್ತು. ಎಂಟು ಸಲ ಮಾಡಿದೆ, ಎಂಟು ಸಲವೂ ಅದೇ. ನೋಡುವುದಕ್ಕೆ ಮಾತ್ರ ಎಲ್ಲವೂ ಒಂದೇ ರೀತಿ ಬೆಳ್ಳಗೆ, ಮೆತ್ತಗೆ ಇರುತ್ತಿದ್ದವು. ದೋಷ ಕಾಣಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಜುಲೈ ಮೊದಲಲ್ಲಿ ನಮ್ಮ ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹೊರಗಿನಿಂದ ಮೂವರು ಪರಿಶೀಲಕರು ಬರುವವರಿದ್ದರು. ಹಿಂದಿನ ದಿನ ನನ್ನ ಮಾರ್ಗದರ್ಶಕರು, ಶ್ರೀಕಂಠ ಸರ್, ನನ್ನ ಸ್ಲೈಡುಗಳನ್ನು ಒಂದೊಂದಾಗಿ ನೋಡಿದರು. ಎಂಟು ಮಳೆಗಾಲದ ಗೆರೆಗಳಿದ್ದ ಪುಟದಲ್ಲಿ ನಿಂತರು.

"ಇದ್ಯಾಕಮ್ಮಾ ಶಾಲಿನಿ?"

"ಸರ್, ಬಂದಿರೋದು ಹಾಗೇ ಅಲ್ವಾ?"

"ಬಂದಿರೋದಲ್ಲ. ಕಂಡೀಷನ್ ಸರಿ ಇಲ್ದೆ ಕೆಟ್ಟಿರೋದು. ಒಂದು ಒಳ್ಳೇ ಎಸಿ ರೂಮ್ ಕೊಟ್ರೆ ಎಲ್ಲಾನೂ ಫೆಬ್ರವರಿ ಥರಾನೇ ಬರುತ್ತೆ. ಆ ರೂಮ್ ಸಿಗ್ಬೇಕು ಅಂದ್ರೆ ಫೆಬ್ರವರೀದು ತೋರಿಸ್ಬೇಕು. ಮಳೇನ ಯಾಕೆ ತೋರಿಸ್ತೀಯ?"

ಸರ್ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು, ಆ ಕ್ಷಣಕ್ಕೆ. ಯೋಜನೆ ನಿಂತರೆ ನನ್ನ ಮೂರು ವರ್ಷ ನೀರಿಗೆ. ಆ ಪುಟವನ್ನು ಅಳಿಸಿದೆ. ಸುಳ್ಳು ಬರೆಯಲಿಲ್ಲ, ಒಂದು ಪುಟ ತೆಗೆದೆ, ಅಷ್ಟೆ ಎಂದುಕೊಂಡೆ. ಅಂದು ಮನೆಗೆ ಹೋಗಿ ಊಟ ಮಾಡಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಮರುದಿನ ಸಭೆ. ಪುಟ್ಟಸ್ವಾಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಎಲ್ಲರಿಗೂ ಕಾಫಿ, ಬಿಸ್ಕತ್ತು ಕೊಟ್ಟು, ಲೋಟ ವಾಪಸು ತೆಗೆದುಕೊಂಡು ಹೋಗಲು ಬಾಗಿಲ ಬಳಿ ನಿಂತಿದ್ದರು. ನಾನು ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದೆ. ಪರಿಶೀಲಕರಲ್ಲಿ ಒಬ್ಬರು ವಯಸ್ಸಾದ ವೈದ್ಯರು. ಅವರು ನಕ್ಕು, "ಎಲ್ಲಾ ಸರಿ ಕಣಮ್ಮ. ಈಗ ಇದನ್ನೇ ನಿಮ್ಮಜ್ಜಿಗೆ ಹೇಳೋ ಹಾಗೆ ಕನ್ನಡದಲ್ಲಿ ಹೇಳು ನೋಡೋಣ. ನನ್ ಹತ್ರ ಬರೋ ಪೇಷೆಂಟುಗಳಿಗೆ ನಾನು ಏನಂತ ಹೇಳ್ಲಿ?" ಎಂದರು.

ನನಗೆ ಉತ್ಸಾಹ ಬಂತು. "ಇದು ಬಟ್ಟೆ ಸರ್, ಆದ್ರೆ ಇದರೊಳಗೇ ಔಷಧಿ ಇದೆ. ದಿನಾ ಡ್ರೆಸಿಂಗ್‌ಗೆ ಆಸ್ಪತ್ರೆಗೆ ಅಲೀಬೇಕಾಗಿಲ್ಲ. ಒಂದ್ ಸಲ ಹುಣ್ಣಿನ ಮೇಲೆ ಹಾಕಿ ಕಟ್ಟಿದ್ರೆ ಹತ್ತು ದಿನ ಬಿಚ್ಚೋ ಹಾಗಿಲ್ಲ. ಒಳಗೊಳಗೇ ಅದು ದಿನಾ ಔಷಧಿ ಕೊಡ್ತಾ ಇರತ್ತೆ. ಕಾಲು ಉಳಿಯತ್ತೆ" ಎಂದೆ.

ವೈದ್ಯರು ತಲೆದೂಗಿದರು. ಸರ್ ಮುಖ ಅರಳಿತು. ಬಾಗಿಲಲ್ಲಿದ್ದ ಪುಟ್ಟಸ್ವಾಮಣ್ಣನ ಮುಖವನ್ನು ನಾನು ನೋಡಲಿಲ್ಲ. ನೋಡುವ ಕಾರಣವೂ ಇರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಕಾಫಿಗೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಕಾಲಿನಲ್ಲಿ ಹುಣ್ಣಾಗಿರುವುದು ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಹೊಸ ಶೂ ಕಚ್ಚಿ ಬಲಗಾಲಿನ ಹೆಬ್ಬೆರಳ ಕೆಳಗೆ ಗುಳ್ಳೆ ಎದ್ದಿತ್ತಂತೆ. ಗುಳ್ಳೆ ಒಡೆದು ಹುಣ್ಣಾಗಿ, ಮನೆಯ ಹತ್ತಿರದ ಕ್ಲಿನಿಕ್ಕಿನವರು ದಿನವೂ ಬಂದು ಡ್ರೆಸಿಂಗ್ ಮಾಡಿಸಿಕೊಳ್ಳಬೇಕು, ಕಾಲಿಗೆ ಭಾರ ಕೊಡಬಾರದು, ಇಲ್ಲದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಹೇಳಿದ್ದರಂತೆ. ದಿನವೂ ಅರ್ಧ ದಿನದ ರಜ ಕೇಳಿದರೆ ಏಜೆನ್ಸಿಯವರು ಮರುದಿನವೇ ಬೇರೆಯವರನ್ನು ಕಳಿಸುತ್ತಾರೆ. ಅದು ಒಂದು ಭಯ. ಇನ್ನೊಂದು, ಅವರ ಅಣ್ಣನಿಗೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯ ತನಕ ತೆಗೆದು, ಕಡೆಗೆ ಅಣ್ಣನೂ ಉಳಿಯಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ಸಲ ಮಾತ್ರ ಅವರು ಕೇಳಿದ್ದರು. ಸಭೆ ಮುಗಿದ ಮಧ್ಯಾಹ್ನವೇ ಇರಬೇಕು. ನಾನು ಯಂತ್ರದ ಸೂಜಿ ತೊಳೆಯುತ್ತಿದ್ದೆ.

"ಅಲ್ಲ ಕಣಮ್ಮ, ಇದ್ನ ಮನುಸ್ರಿಗೆ ಯಾವಾಗ ಆಕಾದು?"

"ಅಯ್ಯೋ, ಅದಕ್ಕೆ ಇನ್ನೂ ವರ್ಷಗಟ್ಟಲೆ ಬೇಕು. ಮೊದ್ಲು ಇಲಿಗಳು."

"ಇಲಿಗಿರಾ ಯೋಗ ನೋಡಿ" ಎಂದರು. ನಾನು ನಕ್ಕೆ. ಅವರೂ ನಕ್ಕರು. ಯಾಕೆ ಕೇಳಿದಿರಿ ಎಂದು ನಾನು ಕೇಳಲಿಲ್ಲ. ಈ ಒಂದು ಪ್ರಶ್ನೆ ಕೇಳದೆ ಬಿಟ್ಟದ್ದನ್ನು ಎಷ್ಟು ಸಲ ನೆನೆದಿದ್ದೇನೋ.

ಕೆಟ್ಟ ಬಟ್ಟೆಗಳನ್ನು ನಾವು ಹಾಳೆಯ ಸಮೇತ ಮಡಿಚಿ, ಮೇಲೆ ದಿನಾಂಕ ಬರೆದು, ಬೀರುವಿನ ಕೆಳಗಿನ ಅರೆಯಲ್ಲಿ ಇಡುತ್ತಿದ್ದೆವು. ಮೂರು ತಿಂಗಳಿಗೊಮ್ಮೆ ಸುಡಲು ಕಳಿಸುವ ಚೀಲಕ್ಕೆ ಅವನ್ನು ತುಂಬುವುದು ಪುಟ್ಟಸ್ವಾಮಣ್ಣನ ಕೆಲಸ.

ಸಭೆಯಾಗಿ ಒಂದು ವಾರವಾಗಿತ್ತು. ಪ್ರಯೋಗಾಲಯದಲ್ಲಿ ಏನೋ ಕೊಳೆತ ವಾಸನೆ. ಆಮ್ಲದ ಘಾಟಿನ ನಡುವೆಯೂ ಬಿಟ್ಟುಬಿಟ್ಟು ಮೂಗಿಗೆ ಹೊಡೆಯುತ್ತಿತ್ತು. "ಎಲ್ಲೋ ಇಲಿ ಸತ್ತಿದೆ ಪುಟ್ಟಸ್ವಾಮಣ್ಣ" ಎಂದೆ. ಮಳೆಗೆ ಹೊರಗಿನ ಇಲಿಗಳು ಒಳಗೆ ಸೇರುವುದು ಮಾಮೂಲು. ಇಬ್ಬರೂ ಸೇರಿ ಬೀರುಗಳನ್ನು ಜರುಗಿಸಿದೆವು. ಮೇಜಿನ ಕೆಳಗೆ, ತೊಟ್ಟಿಯ ಹಿಂದೆ, ಹಳೆಯ ಪುಸ್ತಕದ ರಾಶಿಯಲ್ಲಿ ಹುಡುಕಿದೆವು. ಅವರು ಮಂಡಿಯೂರಿ, ಟಾರ್ಚ್ ಹಿಡಿದು, ಪ್ರತಿ ಸಂದಿಗೂ ಬಗ್ಗಿ ನೋಡಿದರು. ಎದ್ದು ನಿಲ್ಲುವಾಗ ಮೇಜು ಹಿಡಿದುಕೊಂಡದ್ದನ್ನು ನೋಡಿ, "ಏನಾಯ್ತು?" ಎಂದೆ. "ವಯಸ್ಸಾಯ್ತಲ್ಲ ಕಣಮ್ಮ, ಮಂಡಿ ಇಡ್ಕತದೆ" ಎಂದರು. ನೆಲಕ್ಕೆ ಫಿನಾಯಿಲ್ ಹಾಕಿ ಎರಡು ಸಲ ಒರೆಸಿದರು. ಸಿಕ್ಕದ ಇಲಿಯನ್ನು ಮರುದಿನವೂ ಹುಡುಕಿದೆವು.

ಆ ಇಲಿ ಎಲ್ಲೂ ಇಲ್ಲ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಖಚಿತವಿಲ್ಲ. ಗೊತ್ತಿದ್ದೇ ನನ್ನ ಜೊತೆ ಹುಡುಕಿದರು ಎಂದೇ ನನ್ನ ಮನಸ್ಸು ಹೇಳುತ್ತದೆ.

ಅದರ ಮಾರನೆಯ ಬೆಳಿಗ್ಗೆ ನಾನು ಹೋದಾಗ ಬಾಗಿಲು ತೆರೆದಿತ್ತು. ಪುಟ್ಟಸ್ವಾಮಣ್ಣ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿ, ನಡುಗುತ್ತಿದ್ದರು. ಹಣೆ ಮುಟ್ಟಿದರೆ ಕೆಂಡ. ಬಲಗಾಲಿನ ಶೂ ಲೇಸು ಸಡಿಲ ಬಿಟ್ಟಿತ್ತು, ಪಾದ ಅದರೊಳಗೆ ಹಿಡಿಸದಷ್ಟು ಊದಿತ್ತು. ವಾಸನೆ ಅಲ್ಲಿಂದ ಬರುತ್ತಿದೆ ಎಂದು ಆಗ ತಿಳಿಯಿತು. ಶೂ ಎಳೆದೆ. ಸಾಕ್ಸ್ ಒದ್ದೆಯಾಗಿತ್ತು. ಅದನ್ನು ಕೆಳಗೆ ಸರಿಸಿದಾಗ ಒಳಗೆ ಬ್ಯಾಂಡೇಜು ಪಟ್ಟಿ ಸುತ್ತಿತ್ತು. ಪಟ್ಟಿಯ ಅಂಚಿನಲ್ಲಿ ನನ್ನ ಬಟ್ಟೆ. ಆ ನುಣುಪು, ಆ ಕತ್ತರಿಸಿದ ಅಂಚು ನನಗೆ ಸಾವಿರ ಬಟ್ಟೆಗಳ ನಡುವೆಯೂ ಗೊತ್ತಾಗುತ್ತದೆ. ಬಿಳಿ ಬಣ್ಣ ಉಳಿದಿರಲಿಲ್ಲ.

ನಾನು ಅದರ ತುದಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ಜ್ವರದಲ್ಲೂ ಹಿಡಿತ ಗಟ್ಟಿಯಿತ್ತು.

"ಬಿಚ್ಬ್ಯಾಡಿ ಮೇಡಂ. ಒಂಬತ್ತಾಯ್ತು. ಇನ್ನೊಂದ್ ದಿನ ಅದೆ."

ಅವರು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖ ಸಣ್ಣಗೆ ಮಾಡಿಕೊಂಡು ಹೇಳಿದರು: "ಒಳ್ಳೇದ್ ಮುಟ್ಲಿಲ್ಲ ಕಣಮ್ಮ. ಎಸೆಯಾದ್ರಲ್ಲಿ ಒಂದ್ ಚೂರು ತಗಂಡೆ. ಬೆಳ್ಳಗಿತ್ತು."

ಸರ್ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಮಳೆಗೆ ಮುಂದಿನ ದಾರಿ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ಭುಜದ ಮೇಲೆ ಬಿದ್ದಿತ್ತು. ಸರ್ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದರು: "ನೀನೇನಾದ್ರೂ ಕೊಟ್ಯೇನಮ್ಮಾ?" ಇಲ್ಲ ಸರ್, ಎಂದೆ.

ಸೋಂಕು ಮೂಳೆಗೆ ಇಳಿದು ಮೇಲೆ ಹತ್ತುತ್ತಿತ್ತು. ಅದೇ ದಿನ ಮಂಡಿಯ ಕೆಳಗೆ ಕಾಲು ತೆಗೆದರು. ಪಟ್ಟಿ ಬಿಚ್ಚಿದ ಕಿರಿಯ ವೈದ್ಯೆ, "ಇದನ್ನ ಇಷ್ಟು ದಿನ ಯಾಕ್ ಬಿಚ್ಲಿಲ್ಲ? ಮೂರನೇ ದಿನ ತೆಗೆದು ನೋಡಿದ್ರೂ ಬೆರಳಲ್ಲಿ ಮುಗಿದುಹೋಗ್ತಿತ್ತು" ಎಂದು ಪುಟ್ಟಸ್ವಾಮಣ್ಣನ ಹೆಂಡತಿಯನ್ನು ಗದರಿದರು. ಆಕೆಯ ಹೆಸರು ಮಹದೇವಮ್ಮ. ಹೂಟಗಳ್ಳಿಯ ಗಾರ್ಮೆಂಟ್ಸ್ ಕೆಲಸದಿಂದ ಹಾಗೇ ಓಡಿಬಂದಿದ್ದರು. ಕತ್ತಿನಲ್ಲಿ ಇನ್ನೂ ಕಾರ್ಖಾನೆಯ ಗುರುತಿನ ಚೀಟಿ ನೇತಾಡುತ್ತಿತ್ತು. "ಬಿಚ್ಬಾರ್ದು ಅಂತ ಹೇಳವ್ರೆ ಅಂದ್ರು ಮೇಡಂ. ದೊಡ್ಡೋರ ಮುಂದೇನೇ ಹೇಳವ್ರೆ ಅಂದ್ರು" ಎಂದು ಆಕೆ ವೈದ್ಯೆಗೆ ಹೇಳಿದರು. ನಾನು ಎರಡು ಮಾರು ದೂರದಲ್ಲಿ, ಕೈಯಲ್ಲಿ ಅವರ ಎರಡೂ ಶೂ ಹಿಡಿದುಕೊಂಡು ನಿಂತಿದ್ದೆ. ಹೇಳಿದವಳು ನಾನೇ ಎನ್ನಲಿಲ್ಲ.

ಸಂಜೆ ಪ್ರಯೋಗಾಲಯಕ್ಕೆ ವಾಪಸು ಬಂದು ಬೀರು ತೆಗೆದೆ. ಒಂದು ಹಾಳೆಯ ಮೂಲೆಯಲ್ಲಿ ಅಂಗೈಯಗಲದ ಚೌಕ ಕತ್ತರಿಸಿಕೊಂಡಿದ್ದರು. ಕತ್ತರಿ ಹಿಡಿಯುವುದನ್ನು ನನ್ನಿಂದಲೇ ನೋಡಿ ಕಲಿತವರು, ಗೆರೆ ನೇರವಾಗಿತ್ತು. ಮೇಲೆ ನನ್ನ ಕೈಬರಹದ ದಿನಾಂಕ. ಎಂಟರಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು. ನನ್ನ ನೋಟ್‌ಬುಕ್ಕಿನಲ್ಲಿ ಅದರ ಎದುರು ನಾನೇ ಬರೆದಿದ್ದೆ: 'ಒಂದು ದಿನದಲ್ಲಿ ಖಾಲಿ.' ನಾನು ಸಭೆಯಲ್ಲಿ ತೋರಿಸದೆ ಅಳಿಸಿದ ಪುಟದಲ್ಲಿ ಅದರ ಗೆರೆಯೂ ಇತ್ತು.

ವಿಭಾಗದಲ್ಲಿ ವಿಚಾರಣೆ ಆಯಿತು. ದೊಡ್ಡದಲ್ಲ, ಮೂರು ಜನ ಕೂತು ಎರಡು ದಿನದಲ್ಲಿ ಮುಗಿಸಿದ ವಿಚಾರಣೆ. ನಾನು ಹೇಳಿಕೆ ಬರೆದುಕೊಡಬೇಕಿತ್ತು. ಸರ್ ಎದುರಿಗೆ ಕೂತು ಮೆಲ್ಲಗೆ ಹೇಳುತ್ತಾ ಹೋದರು, ನಾನು ಬರೆದೆ. ಸದರಿ ವಸ್ತು ಪ್ರಯೋಗದ ಹಂತದಲ್ಲಿತ್ತು. ಮನುಷ್ಯರ ಮೇಲೆ ಬಳಸಲು ಯಾರಿಗೂ ಕೊಟ್ಟಿಲ್ಲ. ಅಟೆಂಡರ್ ಅನುಮತಿಯಿಲ್ಲದೆ ತೆಗೆದುಕೊಂಡಿದ್ದಾರೆ. ಬಳಸಬಾರದೆಂಬ ತಿಳುವಳಿಕೆ ಅವರಿಗಿತ್ತು.

ಒಂದೊಂದು ವಾಕ್ಯವೂ ನಿಜ. ಅದೇ ಕಷ್ಟ. ಸುಳ್ಳಿದ್ದಿದ್ದರೆ ಅಲ್ಲೇ ಪೆನ್ನು ಇಟ್ಟು ಏಳುತ್ತಿದ್ದೆನೇನೋ. "ಸರ್, ಸಭೇಲಿ ನಾನು ಹೇಳಿದ್ದು..." ಎಂದು ಶುರುಮಾಡಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅದನ್ನ ಯಾರೂ ಕೇಳ್ತಿಲ್ಲಮ್ಮ" ಎಂದರು. ಅವರ ಧ್ವನಿಯಲ್ಲಿ ಜೋರಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು. ನಾನು ಸಹಿ ಹಾಕಿದೆ.

ಅದೇ ಹೇಳಿಕೆಯ ಮೇಲೆ ಏಜೆನ್ಸಿಯವರು ಪುಟ್ಟಸ್ವಾಮಣ್ಣನ ಹೆಸರು ತೆಗೆದರು. ಬೀರುವಿಗೆ ಹೊಸ ಬೀಗ ಬಂತು, ಗೋಡೆಗೆ ಎಚ್ಚರಿಕೆಯ ಫಲಕ ಬಂತು. ಅವರ ಜಾಗಕ್ಕೆ ಬಂದ ಹೊಸಬರು ಒಳ್ಳೆಯವರೇ, ಆದರೆ ಕ್ಯಾಂಟೀನಿನ ಉಪ್ಪು ನೋಡುವುದು ಅವರಿಗೆ ಗೊತ್ತಿರಲಿಲ್ಲ. ಮಳೆ ಸುರಿಯುತ್ತಲೇ ಇತ್ತು. ನಾನು ಯಂತ್ರ ಹಾಕುವುದನ್ನು ನಿಲ್ಲಿಸಿದೆ. ದಿನವೂ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಬರುತ್ತಿದ್ದೆ. ಮನೆಯಲ್ಲಿ ಅಪ್ಪ, "ಯಾಕಮ್ಮ ಸೊರಗಿದೀಯ, ಕೆಲಸ ಜಾಸ್ತಿಯಾ?" ಎಂದರೆ ಹೂಂ ಎನ್ನುತ್ತಿದ್ದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಎಂಟು ಗೆರೆಗಳನ್ನೂ ನಾನು ಥೀಸಿಸ್‌ಗೆ ಸೇರಿಸಿದೆ, ಕೊನೆಯಲ್ಲಲ್ಲ, ಮೂರನೇ ಅಧ್ಯಾಯದಲ್ಲೇ. ತೇವ ಇರುವಲ್ಲಿ ಈ ಬಟ್ಟೆ ಔಷಧವನ್ನು ಹಿಡಿದಿಡುವುದಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಸರ್ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಆದರೆ ತಡೆಯಲೂ ಇಲ್ಲ. ಎಸಿ ರೂಮ್ ಬರಲಿಲ್ಲ, ಯೋಜನೆ ಮುಂದುವರಿಯಲಿಲ್ಲ. ಒಂದು ವರ್ಷ ತಡವಾಗಿ ಪದವಿ ಸಿಕ್ಕಿತು. ಪುಟ್ಟಸ್ವಾಮಣ್ಣ ಅದಕ್ಕೆ ಮೊದಲೇ, ಮರುವರ್ಷದ ಬೇಸಿಗೆಯಲ್ಲಿ, ಮೂತ್ರಪಿಂಡ ಕೆಟ್ಟು ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ.

ಆದರೆ ಅವರು ಬದುಕಿದ್ದಾಗ ಒಂದು ಸಲ ಹೋಗಿದ್ದೆ. ನಿಜವಾಗಿ ಎರಡು ಸಲ. ಮೊದಲ ಸಲ ಸರ್ ಜೊತೆ, ಕಿತ್ತಳೆ, ಬ್ರೆಡ್ಡು ಹಿಡಿದುಕೊಂಡು. ಆಗ ಮಾತಾಡಿದ್ದೆಲ್ಲ ಸರ್. ಎರಡನೇ ಸಲ ಒಬ್ಬಳೇ ಹೋದೆ. ಗೌರಿ ಹಬ್ಬ ಮುಗಿದು ನಾಲ್ಕೈದು ದಿನವಾಗಿತ್ತು. ಹಿನಕಲ್‌ನ ಒಳಬೀದಿಗಳಲ್ಲಿ ಕೆಸರು. ಹಳೆಯ ಹೆಂಚಿನ ಮನೆಗಳ ಮಧ್ಯೆ ಮೂರು ಮಹಡಿಯ ಬಾಡಿಗೆ ಕಟ್ಟಡಗಳು. ಅವರ ಮನೆ ಅಂಥ ಎರಡು ಕಟ್ಟಡಗಳ ನಡುವೆ ಬಿಸಿಲೇ ಕಾಣದ ಹಾಗೆ ಸಿಕ್ಕಿಕೊಂಡಿತ್ತು.

ಅವರು ಒಳಗಿನ ಮಂಚದ ಮೇಲೆ, ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಪಂಚೆ ಒಂದು ಕಡೆ ಚಪ್ಪಟೆಯಾಗಿ ಮಲಗಿತ್ತು. "ಬನ್ನಿ ಬನ್ನಿ" ಎಂದು ಏಳಲು ಹೋದರು. ಮರೆತಿದ್ದರು. ಮಹದೇವಮ್ಮ ಅವರನ್ನು ಹಿಡಿದು ಕೂರಿಸಿ, ನನಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕಾಫಿಗೆಂದು ಅಡುಗೆಮನೆಗೆ ಹೋದರು.

"ಮಿಷನ್ ಎಂಗದೆ?" ಎಂದರು ಅವರು.

"ನಿಲ್ಸಿದೀನಿ."

"ಮಳೆ ಬುಡ್ಲಿ. ಬುಟ್ಮೇಲೆ ಆಕಿ."

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. ಹಾಗೇ ಹೇಳಿದೆ. ಸಭೆಯಲ್ಲಿ ತೋರಿಸಿದ್ದು ಒಂದೇ ಒಂದು ಬಟ್ಟೆಯ ಲೆಕ್ಕ, ಆಮೇಲೆ ಮಾಡಿದವೆಲ್ಲ ಕೆಟ್ಟಿದ್ದವು, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಹತ್ತು ದಿನ ಅಂದೆ, ನೀವು ತೆಗೆದುಕೊಂಡದ್ದು ಹತ್ತು ದಿನದ್ದಲ್ಲ, ವಿಚಾರಣೆಯಲ್ಲೂ ನಾನು ಇದನ್ನು ಹೇಳಲಿಲ್ಲ ಎಂದೆ. ಹೇಳುವಾಗ ಅಳಬಾರದು ಎಂದುಕೊಂಡಿದ್ದೆ. ಅಳು ಬರಲಿಲ್ಲ, ಆದರೆ ಧ್ವನಿ ಬೇರೆ ಯಾರದೋ ಆಗಿತ್ತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ನನ್ಗೆ ಹೇಳಿದ್ರಿ, ಆಯ್ತು" ಎಂದರು ಪುಟ್ಟಸ್ವಾಮಣ್ಣ. "ಇವ್ಳಿಗೆ ಹೇಳ್ಬ್ಯಾಡಿ. ನಾನು ದಡ್ಡನನ್ಮಗ, ಕದ್ದು ಕಟ್ಕಂಡೆ ಅಂತ ಬಯ್ತಾಳೆ. ಬಯ್ಲಿ. ನನ್ನ ಯಾರೋ ಏಮಾರಿಸಿದ್ರು ಅಂತ ಅವ್ಳು ಮರುಗಬಾರ್ದು."

"ನಾನು ಏಮಾರಿಸ್ಬೇಕು ಅಂತ..."

"ಗೊತ್ತು ಕಣಮ್ಮ. ಬುಡಿ." ಅವರು ಗೋಡೆಯ ಕಡೆ ತಿರುಗಿದರು. ಸಿಟ್ಟಿನಿಂದಲೋ ದಣಿವಿನಿಂದಲೋ ತಿಳಿಯಲಿಲ್ಲ. ಅದೇ ನಾನು ಅವರಿಂದ ಕೇಳಿದ ಕೊನೆಯ ಮಾತು.

ಕಾಫಿ ಬರಲಿಲ್ಲ. ನಾನು ಎದ್ದು ಹೊರಗೆ ಬಂದಾಗ ಮಹದೇವಮ್ಮ ಹಿಂದೆಯೇ ಬಂದರು. ಸ್ಕೂಟರ್ ನಿಲ್ಲಿಸಿದ್ದ ತಿರುವಿನ ತನಕ, ಕೆಸರಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ನನ್ನ ಜೊತೆ ನಡೆದರು. ಬೀಗದಕೈ ತಿರುಗಿಸುವ ಮೊದಲು ಅವರ ಮುಖ ನೋಡಿದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ ಎಂದು ಗೊತ್ತಾಯಿತು.

"ಒಂದ್ ಮಾತ್ ಕೇಳ್ತೀನಿ ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ಆ ಬಟ್ಟೇಲಿ ಔಸ್ದಿ ಇರ್ಲೇ ಇಲ್ವಾ?"

ಆಕೆ ಬಯ್ದಿದ್ದರೆ, ಸ್ಕೂಟರ್ ಹಿಡಿದು ನಿಲ್ಲಿಸಿ ಬೀದಿಯವರನ್ನೆಲ್ಲ ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ತಿಳಿದುಕೊಳ್ಳಬೇಕಾದ್ದನ್ನು ಕೇಳಿದ್ದರು, ಅಷ್ಟೆ. ಅವರಿಗಾದರೂ ಸರಿಯಾದ ಉತ್ತರ ಕೊಡಬೇಕಿತ್ತು.

"ಇತ್ತು" ಎಂದೆ. "ಮೊದಲ್ನೇ ದಿನ ಇತ್ತು."

ಮಹದೇವಮ್ಮ ತಲೆಯಾಡಿಸಿದರು. ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ಕೆಸರನ್ನೇ ನೋಡುತ್ತಾ ನಿಂತರು.

"ಹೂಂ. ಅವತ್ತು ಉರಿ ಕಮ್ಮಿ ಆಯ್ತು ಅಂದ್ರು. ಎಷ್ಟೋ ದಿನದ ಮೇಲೆ ಬೆಳಗಾಗಗಂಟ ನಿದ್ದೆ ಮಾಡಿದ್ರು" ಎಂದು ಹೇಳಿ, ಮನೆಯ ಕಡೆ ತಿರುಗಿ ನಡೆದರು.